2ಬಿ: ಗುರುತು ಒಂದು, ಪಟ್ಟಿಗಳು ಹಲವು



ವಾರ್ತಾಪತ್ರದ ಈ ಸಂಚಿಕೆಗೆ ಪಾಠದ ರೂಪದ ಲೇಖನವೊಂದು ಬೇಕೆಂದು ಸಂಪಾದಕ ಬಳಗದವರು ಕೇಳಿದರು. ನಾನು ಆರಿಸಿಕೊಂಡ ವಿಷಯ ಬಹಳ ಚಿಕ್ಕದು. ಒಂದು ಅಂಕಿ, ಒಂದು ಅಕ್ಷರ: 2ಬಿ.

ನಾನು ನಿಮಗೆ ರಸಾಯನಶಾಸ್ತ್ರ ಕಲಿಸುತ್ತೇನೆ. ಪ್ರತಿ ವರ್ಷ ಸಿಇಟಿ, ನೀಟ್ ಅರ್ಜಿ ತುಂಬುವ ದಿನಗಳಲ್ಲಿ ಕಾಲೇಜಿನ ಸಹಾಯ ಮೇಜಿನಲ್ಲೂ ಕುಳಿತುಕೊಳ್ಳುತ್ತೇನೆ. ಹೀಗಾಗಿ ಈ ಗುರುತು ನನಗೆ ಪಾಠದ ಪುಸ್ತಕದಲ್ಲೂ ಎದುರಾಗುತ್ತದೆ, ಅರ್ಜಿಯಲ್ಲೂ ಎದುರಾಗುತ್ತದೆ. ಅರ್ಜಿಯ ದಿನಗಳಲ್ಲಿ ಮತ್ತೆ ಮತ್ತೆ ಕೇಳಿಬರುವ ಪ್ರಶ್ನೆಗಳು ಮೂರು. "2ಬಿ ಅಂದರೆ ಎರಡನೇ ದರ್ಜೆಯೇ?" "2ಎ ನಮಗಿಂತ ಮೇಲೆಯೇ?" "2ಬಿ ಸರ್ಟಿಫಿಕೇಟ್ ಇದ್ದರೆ ಎಲ್ಲ ಕಡೆ ಒಬಿಸಿ ಎಂದು ಹಾಕಬಹುದಲ್ಲವೇ?" ಮೊದಲ ಎರಡು ಪ್ರಶ್ನೆಗಳಲ್ಲಿ ಮನಸ್ಸಿನ ಮುಜುಗರ ಅಡಗಿದೆ. ಮೂರನೆಯದರಲ್ಲಿ ಒಂದು ಸೀಟೇ ಅಡಗಿರಬಹುದು. ಮೂರಕ್ಕೂ ಉತ್ತರ ಕೊಡುವ ಮೊದಲು ಅಂಕಿಯ ಪಕ್ಕ ಅಕ್ಷರ ಬರೆಯುವ ಪದ್ಧತಿಯನ್ನೇ ಸ್ವಲ್ಪ ನೋಡೋಣ.

ಅಕ್ಷರವೇ ಅಂಕಿಯಾಗಿದ್ದ ಲೆಕ್ಕ

ಅಂಕಿ ಬೇರೆ, ಅಕ್ಷರ ಬೇರೆ ಎಂದು ನಾವು ಭಾವಿಸುತ್ತೇವೆ. ಆದರೆ ಬಹಳ ಕಾಲ ಅಕ್ಷರಗಳೇ ಅಂಕಿಯ ಕೆಲಸ ಮಾಡಿವೆ. ಅರಬಿಯಲ್ಲಿ ಅಬ್ಜದ್ ಎಂಬ ಲೆಕ್ಕವಿದೆ. ಅದರಲ್ಲಿ ಅಲಿಫ್ 1, ಬಾ 2, ಜೀಮ್ 3, ದಾಲ್ 4. ಹೀಗೆ ಹತ್ತರವರೆಗೆ ಒಂದೊಂದಾಗಿ, ಬಳಿಕ ಹತ್ತರ ಹಾಗೂ ನೂರರ ಲೆಕ್ಕದಲ್ಲಿ ಏರಿ ಸಾವಿರದವರೆಗೆ ಹೋಗುತ್ತದೆ. ಅಂಗಡಿಗಳ ಫಲಕದಲ್ಲಿ, ವಾಹನಗಳ ಮೇಲೆ ನೀವು ಕಾಣುವ 786 ಎಂಬ ಸಂಖ್ಯೆ ಬಿಸ್ಮಿಲ್ಲಾಹ್ ವಾಕ್ಯದ ಅಕ್ಷರಗಳ ಅಬ್ಜದ್ ಬೆಲೆಗಳನ್ನು ಕೂಡಿದಾಗ ಬರುವ ಮೊತ್ತ.

ನಮ್ಮ ನೆಲದಲ್ಲಿ ಇದೇ ಬಗೆಯ ಇನ್ನೊಂದು ಪದ್ಧತಿ ಇತ್ತು. ಅದರ ಹೆಸರು ಕಟಪಯಾದಿ. ಇದರಲ್ಲಿ ಕ, ಟ, ಪ, ಯ ಈ ನಾಲ್ಕಕ್ಕೂ ಬೆಲೆ 1. ಖ, ಠ, ಫ, ರ ಗಳಿಗೆ 2. ಗ, ಡ, ಬ, ಲ ಗಳಿಗೆ 3. ಕರ್ನಾಟಕ ಸಂಗೀತದ 72 ಮೇಳಕರ್ತ ರಾಗಗಳ ಹೆಸರಿನ ಮೊದಲ ಎರಡು ಅಕ್ಷರಗಳಲ್ಲಿ ರಾಗದ ಕ್ರಮಸಂಖ್ಯೆ ಅಡಗಿದೆ. 'ಮೇಚಕಲ್ಯಾಣಿ'ಯಲ್ಲಿ ಮ ಎಂದರೆ 5, ಚ ಎಂದರೆ 6. ಬಲದಿಂದ ಎಡಕ್ಕೆ ಓದಿದರೆ 65. ಆ ರಾಗ 65ನೆಯದು. 'ಧೀರಶಂಕರಾಭರಣ'ದಲ್ಲಿ ಧ 9, ರ 2. ಅದು 29ನೆಯದು.

ಈಗ ಒಂದು ಸಂಗತಿ ಗಮನಿಸಿ. ಅಬ್ಜದ್ ಲೆಕ್ಕದಲ್ಲಿ 'ಬ' ಧ್ವನಿಯ ಅಕ್ಷರಕ್ಕೆ ಬೆಲೆ 2. ಕಟಪಯಾದಿಯಲ್ಲಿ 'ಬ' ಎಂದರೆ 3. ಯಾವುದು ಸರಿ? ಎರಡೂ ಸರಿ. ಪ್ರತಿಯೊಂದೂ ತನ್ನ ಪಟ್ಟಿಯೊಳಗೆ ಸರಿ. ಪಟ್ಟಿಯ ಹೊರಗೆ ನಿಂತ 'ಬ'ಗೆ ಯಾವ ಬೆಲೆಯೂ ಇಲ್ಲ. ಈ ಇಡೀ ಪಾಠದ ತಿರುಳು ಇಷ್ಟೇ. ಉಳಿದದ್ದೆಲ್ಲ ಇದರ ಉದಾಹರಣೆಗಳು.

ಅಂಕಿಯ ಪಕ್ಕ ಅಕ್ಷರ ಏಕೆ ಬರುತ್ತದೆ?

ನಾನು ಗಮನಿಸಿದಂತೆ ಇದಕ್ಕೆ ಮುಖ್ಯವಾಗಿ ಐದು ಕಾರಣಗಳಿವೆ.

ಒಂದು, ಗುಣಾಕಾರ. ಬೀಜಗಣಿತದಲ್ಲಿ 2ಬಿ ಎಂದರೆ 2 × ಬಿ.

ಎರಡು, ಅಕ್ಷರವೇ ಒಂದು ಅಂಕಿ. ಕಂಪ್ಯೂಟರಿನ ಹದಿನಾರರ ಮೂಲಮಾನದಲ್ಲಿ ಹೀಗಾಗುತ್ತದೆ.

ಮೂರು, ಗುಣ ಮತ್ತು ಪ್ರಮಾಣ. ಅಕ್ಷರ ಗುಣವನ್ನು ಹೇಳುತ್ತದೆ, ಅಂಕಿ ಅದು ಎಷ್ಟು ಎಂದು ಹೇಳುತ್ತದೆ. ಪೆನ್ಸಿಲ್ ಇದಕ್ಕೆ ಉದಾಹರಣೆ.

ನಾಲ್ಕು, ಒಳವಿಭಾಗ. ಒಂದು ದೊಡ್ಡ ಗುಂಪಿಗೆ ಅಂಕಿ, ಅದರೊಳಗಿನ ಭಾಗಗಳಿಗೆ ಅಕ್ಷರ. ಆವರ್ತ ಕೋಷ್ಟಕದ ಹಳೆಯ ಗುಂಪುಗಳು, ಮೀಸಲಾತಿಯ ಪ್ರವರ್ಗಗಳು ಈ ಜಾತಿಯವು.

ಐದು, ನಡುವಿನ ಸೇರ್ಪಡೆ. ಈಗಾಗಲೇ ಕ್ರಮಸಂಖ್ಯೆ ಹಾಕಿದ ಪಟ್ಟಿಯ ನಡುವೆ ಹೊಸದೊಂದನ್ನು ಸೇರಿಸಬೇಕಾದರೆ ಮುಂದಿನ ಎಲ್ಲ ಸಂಖ್ಯೆಗಳನ್ನು ಬದಲಿಸುವ ಬದಲು ಹಿಂದಿನ ಸಂಖ್ಯೆಗೇ ಅಕ್ಷರ ಜೋಡಿಸುತ್ತಾರೆ. ನಮ್ಮ ಸಂವಿಧಾನ ಇದಕ್ಕೆ ಒಳ್ಳೆಯ ಉದಾಹರಣೆ. 1976ರ 42ನೇ ತಿದ್ದುಪಡಿಯಿಂದ ಮೂಲಭೂತ ಕರ್ತವ್ಯಗಳ 51ಎ ವಿಧಿ ಬಂತು. 2002ರ 86ನೇ ತಿದ್ದುಪಡಿಯಿಂದ ಶಿಕ್ಷಣದ ಹಕ್ಕಿನ 21ಎ ಬಂತು. 2012ರ 98ನೇ ತಿದ್ದುಪಡಿಯಿಂದ ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ನೀಡುವ 371ಜೆ ಬಂತು. ಇಷ್ಟೆಲ್ಲ ಸೇರಿದರೂ ಸಂವಿಧಾನದ ಕೊನೆಯ ವಿಧಿಯ ಸಂಖ್ಯೆ ಇಂದಿಗೂ 395 ಆಗಿಯೇ ಉಳಿದಿದೆ.

ಇನ್ನೊಂದು ಮಾತು. ಇಂಗ್ಲಿಷಿನಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಎಂಬ ಭೇದವಿದೆ. ಬೀಜಗಣಿತದ ಬಿ ಸಾಮಾನ್ಯವಾಗಿ ಸಣ್ಣದು, ಪೆನ್ಸಿಲಿನ ಬಿ ದೊಡ್ಡದು. ಕನ್ನಡದಲ್ಲಿ ಬರೆದಾಗ ಎರಡೂ ಒಂದೇ ಬಿ. ಆದ್ದರಿಂದ ಕನ್ನಡದಲ್ಲಿ ಓದುವ ನಾವು ಸಂದರ್ಭವನ್ನು ಇನ್ನಷ್ಟು ಎಚ್ಚರದಿಂದ ನೋಡಬೇಕು.

ಗಣಿತದ 2ಬಿ, ಕಂಪ್ಯೂಟರಿನ 2ಬಿ

ಬೀಜಗಣಿತದಿಂದ ಆರಂಭಿಸೋಣ. ಬಿ ಯ ಬೆಲೆ 11 ಎಂದಿರಲಿ. ಆಗ 2ಬಿ ಎಂದರೆ 22. ಅಂಕಿಯೂ ಅಕ್ಷರವೂ ಪಕ್ಕಪಕ್ಕ ನಿಂತರೆ ನಡುವೆ ಗುಣಾಕಾರ ಚಿಹ್ನೆ ಇದೆ ಎಂಬುದು ಅಲ್ಲಿನ ಒಪ್ಪಂದ.

ಹದಿನಾರರ ಮೂಲಮಾನದಲ್ಲೂ ಬಿ ಎಂದರೆ 11. ಅಲ್ಲಿ 0 ರಿಂದ 9 ಮುಗಿದ ಮೇಲೆ 10ಕ್ಕೆ ಎ, 11ಕ್ಕೆ ಬಿ, 12ಕ್ಕೆ ಸಿ, ಕೊನೆಗೆ 15ಕ್ಕೆ ಎಫ್. ಆದರೆ ಇಲ್ಲಿ 2ಬಿ ಎಂದರೆ 22 ಆಗುವುದಿಲ್ಲ. ಇಲ್ಲಿ 2 ಹದಿನಾರರ ಸ್ಥಾನದಲ್ಲಿದೆ, ಬಿ ಬಿಡಿ ಸ್ಥಾನದಲ್ಲಿದೆ. ಆದ್ದರಿಂದ 2 × 16 + 11 = 43. ಬಿ ಗೆ ಎರಡೂ ಕಡೆ ಒಂದೇ ಬೆಲೆ ಕೊಟ್ಟರೂ ಉತ್ತರ ಬೇರೆಯಾಯಿತು. ಜೋಡಿಸುವ ನಿಯಮ ಬೇರೆಯಾದದ್ದೇ ಕಾರಣ.

ಈ 43ಕ್ಕೆ ಇನ್ನೊಂದು ವಿಶೇಷವಿದೆ. ಅಕ್ಷರಗಳಿಗೆ ಸಂಖ್ಯೆ ಕೊಡುವ ಆಸ್ಕಿ ಪಟ್ಟಿಯಲ್ಲಿ 43 ಎಂದರೆ ಸಂಕಲನ ಚಿಹ್ನೆ (+). ಅಂತರಜಾಲ ವಿಳಾಸಗಳ ನಡುವೆ ಶೇಕಡಾ ಚಿಹ್ನೆಯ ಪಕ್ಕ 2ಬಿ ಇರುವುದನ್ನು ನೀವು ನೋಡಿರಬಹುದು. ಅಲ್ಲಿ ಸಂಕಲನ ಚಿಹ್ನೆಯನ್ನು ನೇರವಾಗಿ ಬರೆದರೆ ಅದು ಖಾಲಿ ಜಾಗವೆಂದು ಓದಲ್ಪಡುವ ಸಂಭವವಿದೆ. ಅದಕ್ಕಾಗಿ ಈ ಗುಪ್ತ ರೂಪ. ಕಂಪ್ಯೂಟರ್ ವಿಜ್ಞಾನದ ವಿದ್ಯಾರ್ಥಿಗಳು ಇದನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿ ನೋಡಿ.

ಪೆನ್ಸಿಲ್ಲಿನ 2ಬಿ

ಪೆನ್ಸಿಲ್ಲಿನೊಳಗಿರುವುದು ಸೀಸವಲ್ಲ. ಇಂಗಾಲದ ಒಂದು ರೂಪವಾದ ಗ್ರಾಫೈಟ್ ಮತ್ತು ಜೇಡಿಮಣ್ಣು. ಗ್ರಾಫೈಟಿನಲ್ಲಿ ಇಂಗಾಲದ ಪರಮಾಣುಗಳು ಪದರ ಪದರವಾಗಿ ಜೋಡಣೆಗೊಂಡಿವೆ. ಪದರಗಳ ನಡುವಿನ ಸೆಳೆತ ದುರ್ಬಲ. ಕಾಗದದ ಮೇಲೆ ಉಜ್ಜಿದಾಗ ಪದರಗಳು ಜಾರಿ ಅಲ್ಲಿಯೇ ಉಳಿಯುತ್ತವೆ. ಅದೇ ನಾವು ಕಾಣುವ ಕಪ್ಪು ಗೆರೆ.

1795ರಲ್ಲಿ ಫ್ರಾನ್ಸಿನ ನಿಕೊಲಾ ಜಾಕ್ ಕೊಂಟೆ ಎಂಬವರು ಗ್ರಾಫೈಟ್ ಪುಡಿಯನ್ನು ಜೇಡಿಮಣ್ಣಿನೊಂದಿಗೆ ಬೆರೆಸಿ ಸುಡುವ ವಿಧಾನಕ್ಕೆ ಹಕ್ಕುಪತ್ರ ಪಡೆದರು. ಆಗ ಇಂಗ್ಲೆಂಡಿನೊಂದಿಗೆ ಯುದ್ಧ ನಡೆಯುತ್ತಿದ್ದುದರಿಂದ ಫ್ರಾನ್ಸಿಗೆ ಒಳ್ಳೆಯ ಗ್ರಾಫೈಟ್ ಬರುವುದು ನಿಂತಿತ್ತು. ಈ ವಿಧಾನದ ಲಾಭವೆಂದರೆ ಮಣ್ಣಿನ ಪ್ರಮಾಣ ಬದಲಿಸಿ ಬೇಕಾದ ಗಡಸುತನ ಪಡೆಯಬಹುದು. ಮಣ್ಣು ಹೆಚ್ಚಾದರೆ ಗೆರೆ ಗಡಸು ಮತ್ತು ತೆಳು. ಗ್ರಾಫೈಟ್ ಹೆಚ್ಚಾದರೆ ಮೃದು ಮತ್ತು ಕಪ್ಪು.

ಎಚ್ ಎಂದರೆ ಗಡಸು, ಬಿ ಎಂದರೆ ಕಪ್ಪು. ನಡುವೆ ಎಚ್‌ಬಿ. 2ಬಿ ಪೆನ್ಸಿಲ್ ಬಿ ಗಿಂತ ಕಪ್ಪು, 4ಬಿ ಗಿಂತ ತೆಳು. ಇಲ್ಲಿ ಅಂಕಿ ಏರಿದಂತೆ ಗುಣ ಏರುತ್ತದೆ. ಆದರೆ ಒಳ್ಳೆಯದು, ಕೆಟ್ಟದ್ದು ಎಂಬ ಮಾತಿಲ್ಲ. ಜೀವಶಾಸ್ತ್ರದ ರೆಕಾರ್ಡಿನಲ್ಲಿ ಚೊಕ್ಕ ಗೆರೆ ಬೇಕಾದರೆ ಎಚ್‌ಬಿ ಒಳ್ಳೆಯದು. ಚಿತ್ರಕ್ಕೆ ನೆರಳು ಕೊಡಲು 2ಬಿ, 4ಬಿ ಬೇಕು. ಮಲೇಷ್ಯಾ, ಇಂಡೋನೇಷ್ಯಾಗಳಲ್ಲಿ ಒಎಂಆರ್ ಉತ್ತರಪತ್ರಿಕೆ ತುಂಬಲು 2ಬಿ ಪೆನ್ಸಿಲ್ ಬಳಸುವುದು ರೂಢಿ. ನಮ್ಮ ಸಿಇಟಿ, ನೀಟ್‌ಗಳಲ್ಲಿ ಬಾಲ್ ಪಾಯಿಂಟ್ ಪೆನ್ನಿನಿಂದಲೇ ತುಂಬಬೇಕು. ಅಮೆರಿಕದಲ್ಲಿ ನಮ್ಮ ಎಚ್‌ಬಿಯನ್ನು ಅಕ್ಷರವಿಲ್ಲದೆ ಬರೇ 'ನಂಬರ್ 2' ಎನ್ನುತ್ತಾರೆ. ಅಲ್ಲಿನ ಪಟ್ಟಿ ಬೇರೆ.

ಆವರ್ತ ಕೋಷ್ಟಕದ 2ಬಿ

ಇದು ನನ್ನ ವಿಷಯ. ಹಳೆಯ ಪುಸ್ತಕಗಳಲ್ಲಿ, ಕೆಲವು ಪ್ರಶ್ನೆ ಸಂಗ್ರಹಗಳಲ್ಲಿ ಸತು, ಕ್ಯಾಡ್ಮಿಯಂ, ಪಾದರಸಗಳನ್ನು 2ಬಿ ಗುಂಪು ಎಂದು ಬರೆದಿರುತ್ತದೆ. ಮೆಗ್ನೀಸಿಯಂ, ಕ್ಯಾಲ್ಸಿಯಂ ಇರುವ ಗುಂಪು 2ಎ. ಎರಡಕ್ಕೂ 2 ಏಕೆ ಬಂತು? ಕ್ಯಾಲ್ಸಿಯಂ ಪರಮಾಣುವಿನ ಹೊರಗವಚದಲ್ಲಿ ಎರಡು ಎಲೆಕ್ಟ್ರಾನ್‌ಗಳಿವೆ. ಸತುವಿನಲ್ಲೂ ಎರಡು. ಎರಡೂ +2 ಉತ್ಕರ್ಷಣ ಸ್ಥಿತಿ ತೋರುತ್ತವೆ. ಆದರೆ ಸತುವಿನಲ್ಲಿ ಒಳಗಿನ ಡಿ ಕಕ್ಷಕಗಳಲ್ಲಿ ಹತ್ತು ಎಲೆಕ್ಟ್ರಾನ್‌ಗಳು ತುಂಬಿವೆ, ಕ್ಯಾಲ್ಸಿಯಂನಲ್ಲಿ ಅವು ಇಲ್ಲ. ಹೋಲಿಕೆಗೆ ಅಂಕಿ, ವ್ಯತ್ಯಾಸಕ್ಕೆ ಅಕ್ಷರ. ಎ ಮೇಲು, ಬಿ ಕೀಳು ಎಂದು ಯಾವ ರಸಾಯನಶಾಸ್ತ್ರಜ್ಞರೂ ಹೇಳಲಿಲ್ಲ.

ಆದರೂ ಈ ಅಕ್ಷರಗಳು ತೊಂದರೆ ಕೊಟ್ಟವು. ಅಮೆರಿಕದ ಪುಸ್ತಕಗಳಲ್ಲಿ ಸ್ಕ್ಯಾಂಡಿಯಂ ಗುಂಪಿಗೆ 3ಬಿ, ಬೋರಾನ್ ಗುಂಪಿಗೆ 3ಎ ಎಂದು ಬರೆದರೆ, ಯುರೋಪಿನ ಪುಸ್ತಕಗಳಲ್ಲಿ ಸ್ಕ್ಯಾಂಡಿಯಂ 3ಎ, ಬೋರಾನ್ 3ಬಿ. ಅದೃಷ್ಟವಶಾತ್ 2ಬಿ ವಿಷಯದಲ್ಲಿ ಎರಡೂ ಕಡೆಯವರು ಒಪ್ಪಿದ್ದರು. ಈ ಗೊಂದಲ ನೀಗಲು ಅಂತರರಾಷ್ಟ್ರೀಯ ರಸಾಯನಶಾಸ್ತ್ರ ಒಕ್ಕೂಟವಾದ ಐಯುಪಿಎಸಿ 1980ರ ದಶಕದ ಕೊನೆಗೆ ಅಕ್ಷರಗಳನ್ನೇ ಬಿಟ್ಟು 1 ರಿಂದ 18ರವರೆಗಿನ ಸಂಖ್ಯೆಗಳನ್ನು ಶಿಫಾರಸು ಮಾಡಿತು. ನಿಮ್ಮ ಪಠ್ಯಪುಸ್ತಕದಲ್ಲಿ ಸತು 12ನೇ ಗುಂಪಿನಲ್ಲಿದೆ. ಗುಂಪಿನ ಹೆಸರು ಬದಲಾಯಿತು, ಸತುವಿನ ಗುಣ ಎಳ್ಳಷ್ಟೂ ಬದಲಾಗಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ.

ಕ್ಯಾನ್ಸರ್ ಪಟ್ಟಿಯ 2ಬಿ

"ಮೊಬೈಲ್ 2ಬಿ ಪಟ್ಟಿಯಲ್ಲಿದೆ, ಕ್ಯಾನ್ಸರ್ ಬರುತ್ತದೆ" ಎಂಬಂಥ ಸಂದೇಶಗಳು ವಾಟ್ಸಾಪ್‌ನಲ್ಲಿ ಹರಿದಾಡುತ್ತವೆ. ಈ ಪಟ್ಟಿ ಮಾಡುವುದು ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾಗಿ ಫ್ರಾನ್ಸಿನ ಲಿಯೋನ್ ನಗರದಲ್ಲಿರುವ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ. ಅದರ ಪಟ್ಟಿಯಲ್ಲಿ ಗುಂಪು 1 ಎಂದರೆ ಕ್ಯಾನ್ಸರ್ ತರುತ್ತದೆ ಎನ್ನಲು ಸಾಕಷ್ಟು ಪುರಾವೆ ಇದೆ. 2ಎ ಎಂದರೆ ತರುವ ಸಂಭವ ಬಲವಾಗಿದೆ. 2ಬಿ ಎಂದರೆ ಸಾಧ್ಯತೆ ಇರಬಹುದು, ಪುರಾವೆ ಸೀಮಿತ. ಗುಂಪು 3 ಎಂದರೆ ಯಾವುದನ್ನೂ ಹೇಳುವಷ್ಟು ಮಾಹಿತಿ ಇಲ್ಲ.

ಮೊಬೈಲ್ ಫೋನಿನಿಂದ ಹೊರಡುವಂಥ ರೇಡಿಯೊ ತರಂಗಗಳನ್ನು 2011ರಲ್ಲಿ 2ಬಿಯಲ್ಲಿ ಇಟ್ಟರು. ಸಕ್ಕರೆಯ ಬದಲು ಬಳಸುವ ಆಸ್ಪರ್ಟೇಮ್ 2023ರ ಜುಲೈಯಲ್ಲಿ 2ಬಿಗೆ ಸೇರಿತು. ಅದೇ ಹೊತ್ತಿಗೆ ವಿಶ್ವ ಆರೋಗ್ಯ ಸಂಸ್ಥೆ ಆಸ್ಪರ್ಟೇಮಿನ ದೈನಿಕ ಮಿತಿಯನ್ನು ದೇಹತೂಕದ ಪ್ರತಿ ಕಿಲೋಗೆ 40 ಮಿಲಿಗ್ರಾಂ ಎಂದು ಹಾಗೆಯೇ ಉಳಿಸಿತು. 70 ಕಿಲೋ ತೂಕದ ವ್ಯಕ್ತಿ ಈ ಮಿತಿ ದಾಟಬೇಕಾದರೆ ದಿನಕ್ಕೆ 9 ರಿಂದ 14 ಡಬ್ಬಿಗಿಂತ ಹೆಚ್ಚು ಡಯೆಟ್ ಪಾನೀಯ ಕುಡಿಯಬೇಕು. ಕಾಫಿ 1991ರಿಂದ 2ಬಿಯಲ್ಲಿತ್ತು. 2016ರಲ್ಲಿ ಹೆಚ್ಚಿನ ಅಧ್ಯಯನಗಳನ್ನು ನೋಡಿ ಅದನ್ನು ಗುಂಪು 3ಕ್ಕೆ ಕಳಿಸಿದರು.

ಈ ಪಟ್ಟಿ ಅಳೆಯುವುದು ಪುರಾವೆಯ ಬಲವನ್ನು. ಎಷ್ಟು ಅಪಾಯ ಎಂಬುದನ್ನು ಅದು ಹೇಳುವುದಿಲ್ಲ. ತಂಬಾಕು, ಸಂಸ್ಕರಿಸಿದ ಮಾಂಸ ಎರಡೂ ಗುಂಪು 1ರಲ್ಲಿವೆ. ಅಂದಮಾತ್ರಕ್ಕೆ ಎರಡರ ಅಪಾಯ ಸಮಾನವಲ್ಲ. ಪಟ್ಟಿ ಏನನ್ನು ಅಳೆಯುತ್ತದೆ ಎಂದು ಕೇಳದೆ ಗುರುತನ್ನಷ್ಟೇ ಹಂಚಿದರೆ ಭಯ ಹರಡುತ್ತದೆ, ತಿಳಿವಳಿಕೆ ಹರಡುವುದಿಲ್ಲ.

ನಮ್ಮ ಅರ್ಜಿಯ 2ಬಿ

ಈಗ ನಿಮ್ಮಲ್ಲಿ ಬಹಳ ಮಂದಿಗೆ ನೇರವಾಗಿ ಸಂಬಂಧಿಸಿದ 2ಬಿಗೆ ಬರೋಣ.

ಹಿಂದುಳಿದವರನ್ನು ಗುರುತಿಸುವ ಕೆಲಸ ನಮ್ಮ ನಾಡಿನಲ್ಲಿ ಒಂದು ಶತಮಾನಕ್ಕೂ ಹಳೆಯದು. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಕಾಲದಲ್ಲಿ ಮೈಸೂರು ಸಂಸ್ಥಾನ ಲೆಸ್ಲಿ ಮಿಲ್ಲರ್ ಅವರ ಸಮಿತಿ ನೇಮಿಸಿತು. ಸರ್ಕಾರಿ ನೌಕರಿಯಲ್ಲಿ ಹಿಂದೆ ಬಿದ್ದವರೆಂದು ಆಗ ಪರಿಗಣಿಸಲಾದ ಸಮುದಾಯಗಳಲ್ಲಿ ಮುಸ್ಲಿಮರೂ ಇದ್ದರು. ದೇವರಾಜ ಅರಸು ಅವರ ಕಾಲದಲ್ಲಿ ಎಲ್.ಜಿ. ಹಾವನೂರು ಆಯೋಗ 1975ರಲ್ಲಿ ವರದಿ ಕೊಟ್ಟಿತು. ಅದರ ಆಧಾರದ ಮೇಲೆ 1977ರಲ್ಲಿ ಆದೇಶ ಬಂತು. ನ್ಯಾಯಮೂರ್ತಿ ಓ. ಚಿನ್ನಪ್ಪ ರೆಡ್ಡಿ ಆಯೋಗ 1990ರಲ್ಲಿ ವರದಿ ನೀಡಿತು. ವೀರಪ್ಪ ಮೊಯ್ಲಿ ಸರ್ಕಾರದ 1994ರ ಆದೇಶ, ಬಳಿಕ ದೇವೇಗೌಡ ಸರ್ಕಾರದ 1995ರ ಜಾರಿ, ಇವುಗಳಿಂದ ಇಂದಿನ ಪಟ್ಟಿ ರೂಪುಗೊಂಡಿತು.

ಆ ಪಟ್ಟಿ ಹೀಗಿದೆ: ಪ್ರವರ್ಗ-1ಕ್ಕೆ ಶೇ. 4, 2ಎಗೆ ಶೇ. 15, 2ಬಿಗೆ ಶೇ. 4, 3ಎಗೆ ಶೇ. 4, 3ಬಿಗೆ ಶೇ. 5. ಒಟ್ಟು ಶೇ. 32. ಇಲ್ಲಿ 2 ಎಂಬ ಅಂಕಿ ಹಿಂದುಳಿದಿರುವಿಕೆಯ ಒಂದು ಮಟ್ಟವನ್ನು ಹೇಳುತ್ತದೆ. ಎ ಮತ್ತು ಬಿ ಒಂದೇ ಮಟ್ಟದೊಳಗಿನ ಎರಡು ಭಾಗಗಳು. 2ಎಯಲ್ಲಿ ನೂರಕ್ಕೂ ಹೆಚ್ಚು ಜಾತಿಗಳಿವೆ, ಅದಕ್ಕೆ ಪ್ರಮಾಣ ದೊಡ್ಡದು. 2ಬಿ ಮುಸ್ಲಿಮರಿಗೆ ಸೇರಿದ ಭಾಗ. ಕ್ಯಾಲ್ಸಿಯಂ ಮತ್ತು ಸತುವಿನ ಉದಾಹರಣೆ ನೆನಪಿಸಿಕೊಳ್ಳಿ. ಆದ್ದರಿಂದ ಮೊದಲ ಎರಡು ಪ್ರಶ್ನೆಗಳಿಗೆ ನನ್ನ ಉತ್ತರ: 2ಬಿ ಎರಡನೇ ದರ್ಜೆಯ ಗುರುತಲ್ಲ, 2ಎ ಅದಕ್ಕಿಂತ ಮೇಲಿನದೂ ಅಲ್ಲ. ಒಂದು ಸಮುದಾಯ ಶಿಕ್ಷಣದಲ್ಲಿ, ಉದ್ಯೋಗದಲ್ಲಿ ಎಲ್ಲಿ ನಿಂತಿದೆ ಎಂದು ಆಯೋಗಗಳು ಅಳೆದು ಬರೆದ ವಿಳಾಸ ಅದು. ನಿಮ್ಮ ಬುದ್ಧಿಯನ್ನು ಯಾರೂ ಅಳೆದು ಅದನ್ನು ಕೊಟ್ಟಿಲ್ಲ. ಗೆಳೆಯರು ತಮಾಷೆಗೆ ಆ ಗುರುತಿನಿಂದ ಕರೆದರೆ ತಲೆ ತಗ್ಗಿಸಬೇಕಾಗಿಲ್ಲ. ನೀವೂ ಬೇರೆಯವರನ್ನು ಅವರ ಪ್ರವರ್ಗದಿಂದ ಕರೆಯಬೇಡಿ.

ಈ ಗುರುತು ಶಾಶ್ವತವೂ ಅಲ್ಲ. 2023ರ ಮಾರ್ಚ್ ಕೊನೆಯಲ್ಲಿ ಆಗಿನ ರಾಜ್ಯ ಸರ್ಕಾರ 2ಬಿಯನ್ನು ರದ್ದುಪಡಿಸಿ, ಅದರ ಶೇ. 4ನ್ನು 2ಸಿ ಮತ್ತು 2ಡಿ ಎಂಬ ಹೊಸ ಹೆಸರಿನ ಎರಡು ಪ್ರವರ್ಗಗಳಿಗೆ ತಲಾ ಶೇ. 2ರಂತೆ ಹಂಚುವ ಆದೇಶ ಹೊರಡಿಸಿತು. ಅದು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನೆಗೊಳಗಾಯಿತು. ಆದೇಶದಂತೆ ನಡೆಯುವುದಿಲ್ಲವೆಂದು ಸರ್ಕಾರ ಏಪ್ರಿಲ್‌ನಲ್ಲಿ ನ್ಯಾಯಾಲಯಕ್ಕೆ ಭರವಸೆ ಕೊಟ್ಟಿತು. ಹೀಗೆ 2ಬಿ ಉಳಿದುಕೊಂಡಿತು. ಪಟ್ಟಿಗಳನ್ನು ಆದೇಶಗಳು ಮಾಡುತ್ತವೆ, ಆದೇಶಗಳೇ ಬದಲಿಸಲೂಬಹುದು. ಅದಕ್ಕಾಗಿ ಅರ್ಜಿ ತುಂಬುವ ವರ್ಷದ ನಿಯಮ ಓದುವುದು ಮುಖ್ಯ.

ಓದುವಾಗ ಗಮನಿಸಬೇಕಾದ ಕೆಲವು ಅಂಶಗಳು ಇಲ್ಲಿವೆ.

ಮೊದಲನೆಯದು, ಮುಸ್ಲಿಮರೆಲ್ಲರೂ 2ಬಿ ಎಂದು ತಿಳಿಯಬೇಡಿ. ನದಾಫ್, ಪಿಂಜಾರ ಮುಂತಾದ ಕೆಲವು ಸಮುದಾಯಗಳು ಪ್ರವರ್ಗ-1ರಲ್ಲಿವೆ. ಮನೆಯ ಹಿರಿಯರ ಜಾತಿ ಪ್ರಮಾಣಪತ್ರ ನೋಡಿ ಖಚಿತಪಡಿಸಿಕೊಳ್ಳಿ.

ಎರಡನೆಯದು, ಪ್ರಮಾಣಪತ್ರದ ನಮೂನೆ. 2ಎ, 2ಬಿ, 3ಎ, 3ಬಿ ಯವರು ತಹಶೀಲ್ದಾರರಿಂದ ನಮೂನೆ 'ಎಫ್' ಪಡೆಯಬೇಕು. ಇವರಿಗೆ ವಾರ್ಷಿಕ 8 ಲಕ್ಷ ರೂಪಾಯಿಯ ಆದಾಯ ಮಿತಿ ಇದೆ. ಪ್ರವರ್ಗ-1ರವರಿಗೆ ನಮೂನೆ 'ಇ', ಅವರ ಮೀಸಲಾತಿಗೆ ಆದಾಯ ಮಿತಿ ಇಲ್ಲ. ಪ್ರಮಾಣಪತ್ರದ ಮೇಲೆ 'ಆರ್‌ಡಿ' ಎಂದು ಆರಂಭವಾಗುವ ಸಂಖ್ಯೆ ಇರುತ್ತದೆ. ಅಲ್ಲೂ ಅಕ್ಷರ ಮತ್ತು ಅಂಕಿ! ಅದರಲ್ಲಿ ಒಂದು ಅಂಕಿ ತಪ್ಪಿದರೂ ಕಂಪ್ಯೂಟರ್ ಒಪ್ಪುವುದಿಲ್ಲ.

ಮೂರನೆಯದು, ಕಟ್-ಆಫ್ ಪಟ್ಟಿ ಓದುವ ಬಗೆ. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಪಟ್ಟಿಯಲ್ಲಿ 2ಬಿಜಿ, 2ಬಿಆರ್, 2ಬಿಕೆ ಎಂಬ ಕಂಬಗಳಿರುತ್ತವೆ. ಕೊನೆಯ ಅಕ್ಷರ ಜಿ ಎಂದರೆ ಆ ಪ್ರವರ್ಗದ ಸಾಮಾನ್ಯ ಸೀಟು. ಆರ್ ಎಂದರೆ ಗ್ರಾಮೀಣ ಮೀಸಲು, ಕೆ ಎಂದರೆ ಕನ್ನಡ ಮಾಧ್ಯಮ ಮೀಸಲು. ಒಂದರಿಂದ ಹತ್ತನೇ ತರಗತಿಯವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದವರು ಆರ್ ಕೇಳಬಹುದು. ಅಷ್ಟೂ ತರಗತಿ ಕನ್ನಡ ಮಾಧ್ಯಮದಲ್ಲಿ ಓದಿದವರು ಕೆ ಕೇಳಬಹುದು. ನಮ್ಮಲ್ಲಿ ಹಳ್ಳಿಯ ಸರ್ಕಾರಿ ಶಾಲೆಗಳಿಂದ ಬಂದವರು ಅನೇಕರಿದ್ದಾರೆ. ಈ ಒಂದು ಅಕ್ಷರವನ್ನು ಕೇಳಲು ಮರೆಯಬೇಡಿ. ಶಾಲೆಯ ವ್ಯಾಸಂಗ ಪ್ರಮಾಣಪತ್ರವನ್ನು ಈಗಲೇ ತಂದಿಟ್ಟುಕೊಳ್ಳಿ.

ನಾಲ್ಕನೆಯದು, 2ಬಿ ಎಂದು ಬರೆದರೆ ಸಾಮಾನ್ಯ ಅರ್ಹತೆಯ ಸೀಟಿನ ಬಾಗಿಲು ಮುಚ್ಚುವುದಿಲ್ಲ. ರ‍್ಯಾಂಕ್ ಒಳ್ಳೆಯದಿದ್ದರೆ ಆ ಸೀಟೂ ನಿಮಗೆ ಸಿಗುತ್ತದೆ.

ರಾಜ್ಯದ 2ಬಿ ಬೇರೆ, ಕೇಂದ್ರದ ಒಬಿಸಿ ಬೇರೆ

ಇನ್ನು ಮೂರನೇ ಪ್ರಶ್ನೆ. ಇದನ್ನು ನಿಧಾನವಾಗಿ ಓದಿ.

2ಬಿ ಕರ್ನಾಟಕ ಸರ್ಕಾರದ ಪಟ್ಟಿಯ ಗುರುತು. ಸಿಇಟಿಗೆ, ನೀಟ್‌ನ ರಾಜ್ಯ ಕೋಟಾದ ಸೀಟುಗಳಿಗೆ, ರಾಜ್ಯದ ನೌಕರಿಗಳಿಗೆ ಅದು ನಡೆಯುತ್ತದೆ. ಆದರೆ ನೀಟ್‌ನ ಅಖಿಲ ಭಾರತ ಶೇ. 15 ಕೋಟಾ, ಐಐಟಿ, ಎನ್‌ಐಟಿ, ಕೇಂದ್ರ ವಿಶ್ವವಿದ್ಯಾಲಯ, ಕೇಂದ್ರ ಸರ್ಕಾರದ ನೌಕರಿ ಇವೆಲ್ಲ ನೋಡುವುದು ಕೇಂದ್ರದ ಒಬಿಸಿ ಪಟ್ಟಿಯನ್ನು. ಆ ಪಟ್ಟಿಯಲ್ಲಿ 2ಎ, 2ಬಿ ಎಂಬ ವಿಭಾಗಗಳೇ ಇಲ್ಲ.

ಕರ್ನಾಟಕದ ಮಟ್ಟಿಗೆ ಕೇಂದ್ರದ ಪಟ್ಟಿಯಲ್ಲಿ 'ಇತರ ಮುಸ್ಲಿಮರು' ಎಂಬ ನಮೂದು ಇದೆ. ಆದರೆ ಅದರಿಂದ ಕೆಲವರನ್ನು ಹೊರಗಿಟ್ಟಿದ್ದಾರೆ: ಕಚ್ಛಿ ಮೆಮನ್, ನವಾಯತ್, ಬೋಹ್ರಾ, ಸಯ್ಯದ್, ಶೇಖ್, ಪಠಾಣ್, ಮೊಘಲ್, ಮಹದವಿ, ಕೊಂಕಣಿ ಅಥವಾ ಜಮಾಯತಿ ಮುಸ್ಲಿಮರು. ಅಂದರೆ ರಾಜ್ಯದಲ್ಲಿ 2ಬಿ ಆಗಿರುವ ಶೇಖ್ ಕುಟುಂಬದ ವಿದ್ಯಾರ್ಥಿನಿ ಕೇಂದ್ರದ ಪಟ್ಟಿಯಂತೆ ಒಬಿಸಿ ಅಲ್ಲ. ಒಂದೇ ಮನೆ, ಒಂದೇ ಹುಡುಗಿ, ಎರಡು ಪಟ್ಟಿಗಳಲ್ಲಿ ಎರಡು ಉತ್ತರ. ಅಬ್ಜದ್ ಲೆಕ್ಕದ ಬಾ, ಕಟಪಯಾದಿಯ ಬ ಇದ್ದಂತೆ.

ಆದ್ದರಿಂದ ನೀಟ್, ಜೆಇಇ ಅರ್ಜಿಯಲ್ಲಿ 2ಬಿ ನಂಬಿ ಒಬಿಸಿ ಎಂದು ಗುರುತು ಹಾಕುವ ಮೊದಲು ರಾಷ್ಟ್ರೀಯ ಹಿಂದುಳಿದ ವರ್ಗಗಳ ಆಯೋಗದ ಪಟ್ಟಿಯಲ್ಲಿ ನಿಮ್ಮ ಸಮುದಾಯದ ಹೆಸರು ಇದೆಯೇ ನೋಡಿ. ಇದ್ದರೆ ಕೇಂದ್ರದ ನಮೂನೆಯಲ್ಲೇ ಕೆನೆಪದರಕ್ಕೆ ಸೇರದ ಒಬಿಸಿ ಪ್ರಮಾಣಪತ್ರ ಮಾಡಿಸಿಕೊಳ್ಳಿ. ನಮೂನೆ 'ಎಫ್' ಅಲ್ಲಿ ನಡೆಯುವುದಿಲ್ಲ. ಇಲ್ಲದಿದ್ದರೆ, ಕೇಂದ್ರದ ಸಂಸ್ಥೆಗಳಲ್ಲಿ ಆರ್ಥಿಕವಾಗಿ ಹಿಂದುಳಿದವರಿಗೆ ಇರುವ ಶೇ. 10ರ ಆದಾಯ ಹಾಗೂ ಆಸ್ತಿಯ ಷರತ್ತುಗಳು ನಿಮಗೆ ಹೊಂದುತ್ತವೆಯೇ ಎಂದು ವಿಚಾರಿಸಿ. ತಪ್ಪು ಪ್ರವರ್ಗ ಬರೆದವರ ಆಯ್ಕೆ ದಾಖಲೆ ಪರಿಶೀಲನೆಯ ಹಂತದಲ್ಲಿ ರದ್ದಾಗಬಹುದು. ಎರಡು ವರ್ಷ ರಾತ್ರಿ ಹಗಲು ಓದಿ ಪಡೆದ ರ‍್ಯಾಂಕ್ ಒಂದು ಚೌಕದಲ್ಲಿ ಹಾಕಿದ ಗುರುತಿನಿಂದ ಕೈತಪ್ಪಬಾರದು.

ಕೇಳಬೇಕಾದ ಮೂರು ಪ್ರಶ್ನೆಗಳು

ಅಂಕಿಯೂ ಅಕ್ಷರವೂ ಕೂಡಿದ ಯಾವ ಗುರುತು ಕಂಡರೂ ಈ ಮೂರು ಪ್ರಶ್ನೆ ಕೇಳಿ. ಒಂದು, ಇದು ಯಾರ ಪಟ್ಟಿ? ಎರಡು, ಆ ಪಟ್ಟಿ ಏನನ್ನು ಅಳೆಯುತ್ತದೆ ಅಥವಾ ವಿಂಗಡಿಸುತ್ತದೆ? ಮೂರು, ಇದು ಯಾವ ವರ್ಷದ ಪಟ್ಟಿ? ಪೆನ್ಸಿಲ್ ಕಾರ್ಖಾನೆಯ ಪಟ್ಟಿ ಕಪ್ಪನ್ನು ಅಳೆಯುತ್ತದೆ, ಲಿಯೋನ್ ನಗರದ ಪಟ್ಟಿ ಪುರಾವೆಯನ್ನು ಅಳೆಯುತ್ತದೆ, ರಾಜ್ಯದ ಪಟ್ಟಿ ಅವಕಾಶವನ್ನು ಹಂಚುತ್ತದೆ. ಈ ಮೂರಕ್ಕೆ ಉತ್ತರ ಸಿಗುವ ಮೊದಲು ಭಯಪಡಬೇಡಿ, ಹೆಮ್ಮೆಪಡಬೇಡಿ, ಅರ್ಜಿಯಲ್ಲಿ ಗುರುತನ್ನೂ ಹಾಕಬೇಡಿ.

ಅಭ್ಯಾಸ

1. 5ಜಿ ಎಂಬ ಗುರುತಿಗೆ ಮೊಬೈಲ್, ಪ್ರಯೋಗಾಲಯದ ತಕ್ಕಡಿ ಮತ್ತು ಭೌತಶಾಸ್ತ್ರದ ಗುರುತ್ವ ಪಾಠ, ಈ ಮೂರು ಕಡೆ ಏನು ಅರ್ಥ?

2. ಹದಿನಾರರ ಮೂಲಮಾನದ 4ಬಿಯನ್ನು ದಶಮಾನಕ್ಕೆ ಬದಲಿಸಿ. ಆಸ್ಕಿ ಪಟ್ಟಿಯಲ್ಲಿ ಆ ಸಂಖ್ಯೆ ಯಾವ ಇಂಗ್ಲಿಷ್ ಅಕ್ಷರಕ್ಕೆ ಸೇರಿದೆ?

3. ಹಳೆಯ 1ಬಿ ಗುಂಪಿನಲ್ಲಿದ್ದ ಮೂರು ಪ್ರಸಿದ್ಧ ಲೋಹಗಳು ಯಾವುವು? ಇಂದಿನ ಅವುಗಳ ಗುಂಪು ಸಂಖ್ಯೆ ಎಷ್ಟು?

4. ಸಂವಿಧಾನದ 21ಎ ವಿಧಿ ಯಾವ ವಯಸ್ಸಿನ ಮಕ್ಕಳಿಗೆ ಸಂಬಂಧಿಸಿದೆ?

5. ಕಟ್-ಆಫ್ ಪಟ್ಟಿಯ 3ಎಆರ್ ಎಂಬುದನ್ನು ಬಿಡಿಸಿ ಹೇಳಿ.

6. ಮನೆಯವರೊಂದಿಗೆ ಕುಳಿತು ನಿಮ್ಮ ಜಾತಿ ಪ್ರಮಾಣಪತ್ರ ತೆರೆಯಿರಿ. ಪ್ರವರ್ಗ, ನಮೂನೆ, ನೀಡಿದ ದಿನಾಂಕ, ಹೆಸರಿನ ಕಾಗುಣಿತ ನಾಲ್ಕನ್ನೂ ಹತ್ತನೇ ತರಗತಿಯ ಅಂಕಪಟ್ಟಿಯೊಂದಿಗೆ ಇಟ್ಟು ನೋಡಿ.

ಮೊದಲ ಐದರ ಉತ್ತರಗಳನ್ನು ಬರೆದು ರಸಾಯನಶಾಸ್ತ್ರ ಪ್ರಯೋಗಾಲಯದ ಪೆಟ್ಟಿಗೆಗೆ ಹಾಕಿ. ಆರನೆಯದನ್ನು ಯಾರಿಗೂ ತೋರಿಸಬೇಕಾಗಿಲ್ಲ. ಅದರಲ್ಲಿ ವ್ಯತ್ಯಾಸ ಕಂಡರೆ ಮಾತ್ರ ತಾಲ್ಲೂಕು ಕಚೇರಿಗೆ ಹೋಗಲು ಸಮಯ ಉಳಿದಿರುವಾಗಲೇ ಸಹಾಯ ಮೇಜಿಗೆ ಬನ್ನಿ.